ಜೋಗಕ್ಕೆ ಎರಡು ರಾತ್ರಿ ಕೊಡಿ

ನಮಸ್ಕಾರ. ಮಳೆ ಹಿಡಿಯಿತು ಅಂದರೆ ಸಾಕು, ನನ್ನ ಫೋನಿಗೆ ಒಂದೇ ಥರದ ಮೆಸೇಜುಗಳು ಬರಲು ಶುರುವಾಗುತ್ತವೆ. "ಶುಕ್ರವಾರ ರಾತ್ರಿ ಬೆಂಗಳೂರು ಬಿಡ್ತೀವಿ. ಶನಿವಾರ ಬೆಳಿಗ್ಗೆ ಜೋಗ, ಮಧ್ಯಾಹ್ನ ಮುರುಡೇಶ್ವರ, ಸಂಜೆ ಗೋಕರ್ಣ. ಭಾನುವಾರ ಯಾಣ ನೋಡ್ಕೊಂಡು ವಾಪಸ್. ಆಗುತ್ತಾ?"

ಆಗುತ್ತದೆ. ಆದರೆ ದಯವಿಟ್ಟು ಹಾಗೆ ಹೋಗಬೇಡಿ. ಜೋಗಕ್ಕೆ ಹೋಗುವುದಾದರೆ ಎರಡು ರಾತ್ರಿ ಅಲ್ಲೇ ಉಳಿಯಿರಿ. ಮುರುಡೇಶ್ವರ, ಗೋಕರ್ಣಕ್ಕೆ ಇನ್ನೊಮ್ಮೆ ಹೋಗಿ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಯಾಕೆ ಅಂತ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಜೋಗಕ್ಕೆ ಕರೆದುಕೊಂಡು ಹೋಗಿದ್ದೆ. ಪ್ಯಾಕೇಜ್ ಟೂರು. ಬಸ್ಸಿನವರು ಜೋಗಕ್ಕೆ ಕೊಟ್ಟಿದ್ದು ಮುಕ್ಕಾಲು ಗಂಟೆ. ಅದು ಜುಲೈ ತಿಂಗಳು. ನಾವು ಕಟಕಟೆಯ ಹತ್ತಿರ ಬಂದು ನಿಂತರೆ ಎದುರಿಗೆ ಏನೂ ಇಲ್ಲ. ಬರೀ ಬಿಳಿ ಮಂಜು. ಸದ್ದು ಮಾತ್ರ ಎದೆಗೆ ಬಡಿಯುವ ಹಾಗೆ ಕೇಳುತ್ತಿತ್ತು. ಅಮ್ಮ ಒದ್ದೆ ಕಂಬಿ ಹಿಡಿದುಕೊಂಡು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಕನ್ನಡಕದ್ದೇ ತೊಂದರೆ ಇರಬೇಕು ಅಂದುಕೊಂಡಿದ್ದರು ಅನ್ನಿಸುತ್ತದೆ. ಅಷ್ಟರಲ್ಲಿ ಹಾರ್ನ್ ಹೊಡೆದರು. ಬಸ್ಸು ಹತ್ತುವಾಗ ಅಮ್ಮ "ಸದ್ದಾದರೂ ಕೇಳಿತಲ್ಲ, ಬಿಡು" ಅಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗಲೇ ಇಲ್ಲ.

ಮರುವರ್ಷ ನಾವಿಬ್ಬರೇ ಹೋದೆವು. ಜೋಗದ ಹತ್ತಿರ ಒಂದು ಮನೆಯಲ್ಲಿ ಎರಡು ರಾತ್ರಿ ಉಳಿದೆವು. ಮೊದಲನೇ ದಿನ ಸಂಜೆ ಮತ್ತೆ ಅದೇ ಮಂಜು. ನನಗೆ ಚಡಪಡಿಕೆ. ಆ ಮನೆಯ ಯಜಮಾನಿ ಕಷಾಯ ತಂದಿಟ್ಟು, "ಎಂತಕ್ಕೆ ಅವಸರ ಮಾಡ್ತೀರಿ, ಕೂತ್ಕಳಿ. ಗಾಳಿ ತಿರುಗ್ತದೆ" ಅಂದರು. ಮಾರನೇ ದಿನ ಬೆಳಿಗ್ಗೆ ಏಳು ಗಂಟೆಗೆ ಹೋಗಿ ನಿಂತೆವು. ಎಂಟಾಯಿತು, ಏನೂ ಇಲ್ಲ. ಎಂಟೂಕಾಲರ ಹೊತ್ತಿಗೆ ಕೆಳಗಿನಿಂದ ಗಾಳಿ ಎದ್ದಿತು. ಮಂಜು ಒಂದು ಕಡೆಯಿಂದ ಹರಿದುಕೊಂಡು ಹೋಯಿತು. ಮೊದಲು ಕಂಡಿದ್ದು ಕಪ್ಪು ಬಂಡೆಯ ಒಂದು ತುಂಡು. ಆಮೇಲೆ ಜೋಗದ ನಾಲ್ಕು ಕವಲುಗಳಲ್ಲಿ ಒಂದಾದ ರಾಜ, ಮೇಲಿಂದ ಕೆಳಗಿನವರೆಗೆ. ಆಮೇಲೆ ಉಳಿದ ಮೂರೂ. ಹತ್ತು ನಿಮಿಷ ಇತ್ತೋ ಇಲ್ಲವೋ, ಮತ್ತೆ ಮುಚ್ಚಿಕೊಂಡಿತು. ನಾನು ಫೋನು ತೆಗೆದಿರಲೇ ಇಲ್ಲ. ಅಮ್ಮ ನನ್ನ ತೋಳು ಹಿಡಿದುಕೊಂಡಿದ್ದರು. ಅಲ್ಲಿದ್ದ ಅಷ್ಟೂ ಜನರಲ್ಲಿ ಯಾರೂ ಮಾತಾಡಲಿಲ್ಲ.

ಅದಕ್ಕೇ ಹೇಳುತ್ತಿದ್ದೇನೆ. ಮಳೆಗಾಲದಲ್ಲಿ ಜೋಗಕ್ಕೆ ಹೋಗುವುದು ಅಂದರೆ ಕಾಯುವುದಕ್ಕೆ ಹೋಗುವುದು. 253 ಮೀಟರ್, ಅಂದರೆ 830 ಅಡಿ ಮೇಲಿಂದ ನೀರು ಬಿದ್ದು ಪುಡಿಯಾಗಿ ಮೇಲೇಳುತ್ತದೆ. ಅದರ ಜೊತೆಗೆ ಕಡಲಿನ ಕಡೆಯಿಂದ ಮೋಡ ಕಣಿವೆಯೊಳಗೆ ನುಗ್ಗುತ್ತದೆ. ಎರಡೂ ಸೇರಿದರೆ ಎದುರಿಗಿರುವ ಬೆಟ್ಟವೇ ಮಾಯ. ಅದು ಯಾವಾಗ ಸರಿಯುತ್ತದೆ ಅಂತ ಯಾವ ಆ್ಯಪೂ ಹೇಳುವುದಿಲ್ಲ. ಒಂದು ಗಂಟೆ ಇಟ್ಟುಕೊಂಡು ಹೋದರೆ ಅದೃಷ್ಟದ ಆಟ. ಎರಡು ಬೆಳಿಗ್ಗೆ, ಎರಡು ಸಂಜೆ ಕೈಯಲ್ಲಿದ್ದರೆ ಒಮ್ಮೆಯಾದರೂ ತೆರೆದುಕೊಳ್ಳುವ ಸಾಧ್ಯತೆ ಜಾಸ್ತಿ.

ಇನ್ನು ನೀರಿನ ವಿಚಾರ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಾವುದೋ ವರ್ಷದ ವಿಡಿಯೋ ನೋಡಿರುತ್ತೀರಿ. ನಾಲ್ಕು ಕವಲೂ ಒಂದಾಗಿ, ಇಡೀ ಬಂಡೆಯೇ ನೀರಾಗಿ ಸುರಿಯುತ್ತಿರುತ್ತದೆ. ಅದನ್ನೇ ತಲೆಯಲ್ಲಿ ಇಟ್ಟುಕೊಂಡು ಜೂನ್‌ನಲ್ಲಿ ಬಂದವರು "ಇಷ್ಟೇನಾ?" ಅಂತ ಬೇಜಾರು ಮಾಡಿಕೊಂಡು ಹೋಗುವುದನ್ನು ನಾನೇ ನೋಡಿದ್ದೇನೆ. ಜೋಗದ ಮೇಲ್ಭಾಗದಲ್ಲಿ, ಹತ್ತಿರದಲ್ಲೇ ಲಿಂಗನಮಕ್ಕಿ ಅಣೆಕಟ್ಟು ಇದೆ. 1964ರಲ್ಲಿ ಮುಗಿದದ್ದು. ಶರಾವತಿಯ ನೀರು ಅಲ್ಲಿ ನಿಲ್ಲುತ್ತದೆ. ಅಲ್ಲಿಂದ ತಳಕಳಲೆ ಜಲಾಶಯಕ್ಕೆ ಹೋಗಿ, ದೊಡ್ಡ ಕೊಳವೆಗಳಲ್ಲಿ ಇಳಿದು, ವಿದ್ಯುತ್ ಆಗುತ್ತದೆ. ಹಾಗಾಗಿ ಮಳೆಗಾಲದ ಬಹುಪಾಲು ದಿನ ನಾವು ಜೋಗದಲ್ಲಿ ನೋಡುವುದು ಅಣೆಕಟ್ಟಿನ ಕೆಳಗಿನ ಕಾಡು, ಗುಡ್ಡಗಳಿಂದ ಹರಿದು ಬಂದ ಮಳೆ ನೀರು. ಲಿಂಗನಮಕ್ಕಿಯ ನೀರಿನ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ ಮುಟ್ಟುವ ಹೊತ್ತಿಗೆ ಗೇಟು ತೆಗೆಯುತ್ತಾರೆ. ಆಗ ಬರುವುದು ಆ ವಿಡಿಯೋದ ನೀರು. ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ. ಅದೂ ಪ್ರತಿ ವರ್ಷ ಅಲ್ಲ.

ಹಾಗಾಗಿ ಪ್ಲಾನ್ ಮಾಡುವಾಗ ಪೇಪರಿನಲ್ಲಿ ಬರುವ ಜಲಾಶಯಗಳ ಮಟ್ಟ ನೋಡಿ. ಉಳಿಯುವ ಮನೆಗೆ ಫೋನ್ ಮಾಡಿ, "ನಿನ್ನೆ ಎಷ್ಟು ಹೊತ್ತು ಕಾಣಿಸಿತು?" ಅಂತ ಕೇಳಿ. ಅಲ್ಲಿನವರು ಸರಿಯಾಗಿ ಹೇಳುತ್ತಾರೆ.

ಆದರೆ ನನ್ನ ಮನಸ್ಸಿನ ಮಾತು ಬೇರೆ. ನೀರು ಕಡಿಮೆ ಇರುವಾಗಲೂ ಜೋಗ ಚೆನ್ನ. ನಾಲ್ಕೂ ಕವಲು ಬೇರೆ ಬೇರೆಯಾಗಿ ಕಾಣುವುದು ಆಗಲೇ. ರಾಜ ನೇರ ಬೀಳುತ್ತಾನೆ. ರೋರರ್ ಬಂಡೆಯ ಸಂದಿಯಿಂದ ಅಬ್ಬರಿಸಿಕೊಂಡು ಬಂದು ಅವನ ಕಡೆಗೇ ನುಗ್ಗುತ್ತದೆ. ರಾಕೆಟ್ ಚಿಮ್ಮಿ ಚಿಮ್ಮಿ ಇಳಿಯುತ್ತದೆ. ರಾಣಿ ಬಂಡೆಯ ಮೈ ಬಿಡದೆ ಹಾಲು ಚೆಲ್ಲಿದ ಹಾಗೆ ಜಾರುತ್ತಾಳೆ. ನವೆಂಬರ್ ಕೊನೆಗೆ ಹೋದರೆ ರಾಜನದು ಒಂದು ಎಳೆ ಅಷ್ಟೇ. ಆ ಎಳೆ ಗಾಳಿಗೆ ಓಲಾಡಿ, ಕೆಳಗೆ ತಲುಪುವ ಮೊದಲೇ ಹೊಗೆಯಾಗಿ ಹೋಗುತ್ತದೆ. ಅದನ್ನು ನೋಡುತ್ತಾ ನಾನು ಒಂದಿಡೀ ಮಧ್ಯಾಹ್ನ ಕೂತಿದ್ದೇನೆ.

ಅಣೆಕಟ್ಟಿನ ಮಾತು ಬಂತು ಅಂತ ಇನ್ನೊಂದು ಹೇಳಲೇಬೇಕು. ಇಲ್ಲಿ 1948ರಿಂದ ವಿದ್ಯುತ್ ತಯಾರಾಗುತ್ತಿದೆ. ಆಗಿನ ಅಣೆಕಟ್ಟು ಹಿರೇಭಾಸ್ಕರ, ಅಂದರೆ ಮಡೆನೂರಿನದು. ಲಿಂಗನಮಕ್ಕಿ ಬಂದ ಮೇಲೆ ಆ ಅಣೆಕಟ್ಟೇ ಮುಳುಗಿತು. ಬೇಸಿಗೆಯಲ್ಲಿ ನೀರು ತುಂಬಾ ಇಳಿದಾಗ ಹೆಚ್ಚಾದ ನೀರನ್ನು ಹೊರಬಿಡುತ್ತಿದ್ದ ಅದರ ಹಳೇ ಸೈಫನ್‌ಗಳು ಮೇಲೆ ಕಾಣಿಸುತ್ತವೆ. ಅದರ ಜೊತೆ ಊರುಗಳೂ ಮುಳುಗಿದವು. ಮನೆ, ಗದ್ದೆ, ಅಡಿಕೆ ತೋಟ, ದೇವಸ್ಥಾನ ಎಲ್ಲ ಬಿಟ್ಟು ಎದ್ದು ಹೋದವರ ಮಕ್ಕಳು, ಮೊಮ್ಮಕ್ಕಳು ಕೊಟ್ಟ ಜಾಗದ ಹಕ್ಕುಪತ್ರಕ್ಕಾಗಿ ಇನ್ನೂ ಹೋರಾಡುತ್ತಿದ್ದಾರೆ. ನಮ್ಮ ಮನೆಗಳಲ್ಲಿ ದೀಪ ಉರಿದದ್ದು ಅವರು ಬಿಟ್ಟುಕೊಟ್ಟ ನೆಲದಿಂದ. ಹಿನ್ನೀರಿನ ದಂಡೆಯಲ್ಲಿ ನಿಂತು ಫೋಟೋ ತೆಗೆಯುವಾಗ ಆ ನೀರಿನ ಕೆಳಗೆ ಏನಿದೆ ಅಂತ ಮಕ್ಕಳಿಗೆ ಹೇಳಿ. ಎರಡು ದಿನ ಉಳಿದರೆ ಇಂಥ ಮಾತು ಕೇಳುವುದಕ್ಕೂ ಸಮಯ ಸಿಗುತ್ತದೆ. ಅಲ್ಲಿನ ಹಿರಿಯರನ್ನು ಕೇಳಿ ನೋಡಿ.

ಹೋಗುವುದು ಹೇಗೆ? ನನ್ನ ಕೇಳಿದರೆ ರೈಲು. ರಾತ್ರಿ ಬೆಂಗಳೂರಿನಲ್ಲಿ ಹತ್ತಿದರೆ ಬೆಳಿಗ್ಗೆ ತಾಳಗುಪ್ಪ. ಅದು ಆ ದಾರಿಯ ಕೊನೇ ಸ್ಟೇಷನ್. ಅಲ್ಲಿಂದ ಜೋಗ ಸುಮಾರು 15 ಕಿಲೋಮೀಟರ್. ರಾತ್ರಿಯಿಡೀ ಗಾಡಿ ಓಡಿಸಿ, ನಿದ್ದೆಗಣ್ಣಿನಲ್ಲಿ ಮಲೆನಾಡಿನ ತಿರುವು, ಮಳೆ, ಮಂಜು. ಇದು ಬೇಡವೇ ಬೇಡ.

ಜಲಪಾತ ಮುಚ್ಚಿಕೊಂಡಿರುವ ಹೊತ್ತಿನಲ್ಲಿ ಸುಮ್ನೆ ಕೂರಬೇಕು ಅಂತೇನಿಲ್ಲ. ಸುತ್ತಿಕೊಂಡು ಆಚೆ ದಡಕ್ಕೆ, ಸಿದ್ದಾಪುರ ತಾಲ್ಲೂಕಿನ ಕಡೆಗೆ ಹೋಗಿ. ಆ ಕಡೆ ಹಿಂದೆ ಬಾಂಬೆ ಪ್ರಾಂತ್ಯ, ಈ ಕಡೆ ಮೈಸೂರು. ಅದಕ್ಕೇ ಅಲ್ಲಿರುವ ಬಂಗಲೆಗೆ ಇಂದಿಗೂ ಬಾಂಬೆ ಬಂಗಲೆ ಅನ್ನುತ್ತಾರೆ. ಹೊನ್ನೇಮರಡಿನ ಹಿನ್ನೀರಿಗೆ ಹೋಗಬಹುದು. ಸಿಗಂದೂರಿಗೆ ಹೋಗಬಹುದು. ಮೊದಲು ಅಲ್ಲಿಗೆ ಲಾಂಚೇ ಗತಿ. 2025ರ ಜುಲೈನಲ್ಲಿ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ತೆರೆಯಿತು. ಹಿನ್ನೀರಿನ ಆಚೆ ಇರುವ ತುಮರಿ ಭಾಗದ ಜನ ಅದಕ್ಕಾಗಿ ಎಷ್ಟು ವರ್ಷ ಕಾದರು! ವಾಪಸ್ ಬರುವ ದಿನ ಸಾಗರದ ಹತ್ತಿರ ಇಕ್ಕೇರಿ, ಕೆಳದಿ ನೋಡಿಕೊಳ್ಳಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಕಲ್ಲಿನ ನೆಲದ ತಣ್ಣಗಿನ ಸ್ಪರ್ಶಕ್ಕಾದರೂ ಹೋಗಬೇಕು.

ಕೆಳಗೆ ಇಳಿಯುವ ಮೆಟ್ಟಿಲು ಸುಮಾರು 1400. ಜೋರು ಮಳೆಯಲ್ಲಿ ಅದನ್ನು ಮುಚ್ಚಿರುತ್ತಾರೆ. ಮುಚ್ಚಿದ್ದರೆ ಮುಚ್ಚಿದೆ ಅಂತಲೇ ಅರ್ಥ. ಗೇಟು ಹಾರಿ, ಪಾಚಿ ಕಟ್ಟಿದ ಬಂಡೆಯ ಮೇಲೆ ನಿಂತು ವಿಡಿಯೋ ಮಾಡುವವರನ್ನು ನೋಡಿದರೆ ನನಗೆ ಹೊಟ್ಟೆ ತೊಳಸುತ್ತದೆ. ಅಲ್ಲಿ ಜಾರಿದರೆ ಹಿಡಿಯಲು ಏನೂ ಇಲ್ಲ. ಮಳೆ ನಿಂತ ಮೇಲೆ ಇಳಿಯುವವರು ಬೆಳಿಗ್ಗೆ ಬೇಗ ಇಳಿಯಿರಿ. ಇಳಿಯುವುದು ಸುಲಭ, ಹತ್ತುವಾಗ ಮಂಡಿ ಕೇಳುತ್ತದೆ. ಹೊರಡುವ ಮೊದಲು ಪ್ರವೇಶ ಇದೆಯಾ ಅಂತಲೂ ವಿಚಾರಿಸಿ. 2025ರ ಆರಂಭದಲ್ಲಿ ಕಾಮಗಾರಿಗಾಗಿ ತಿಂಗಳುಗಟ್ಟಲೆ ನಿಲ್ಲಿಸಿದ್ದರು.

ಛತ್ರಿ ಬೇಡ, ಗಾಳಿಗೆ ಮಗುಚಿಕೊಳ್ಳುತ್ತದೆ. ರೇನ್‌ಕೋಟು ಇರಲಿ. ಮತ್ತೆ ಇಂಬಳ, ಅಂದರೆ ಜಿಗಣೆ. ಹುಲ್ಲಿನ ತುದಿಯಲ್ಲಿ ದಾರದ ಥರ ಎದ್ದು ನಿಂತು, ತಲೆ ಆಡಿಸುತ್ತಾ ನಿಮ್ಮ ಕಾಲನ್ನೇ ಹುಡುಕುತ್ತಿರುತ್ತದೆ. ಹತ್ತಿದ್ದು ಗೊತ್ತೇ ಆಗುವುದಿಲ್ಲ, ಸಾಕ್ಸ್ ಕೆಂಪಾದಾಗಲೇ ಗೊತ್ತಾಗುವುದು. ಹೆದರಬೇಡಿ. ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಕೊಂಡು ಹೋಗಿ. ಮುಟ್ಟಿಸಿದರೆ ಉದುರುತ್ತದೆ. ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಆಮೇಲೆ ನಿಲ್ಲುತ್ತದೆ.

ಮಳೆಯಿಲ್ಲದ ತಿಂಗಳುಗಳ ಎಚ್ಚರಿಕೆ ಮಾತ್ರ ಬೇರೆ, ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಚಳಿಗಾಲದಿಂದ ಹಿಡಿದು ಮಳೆ ಬೀಳುವವರೆಗೆ ಈ ಕಾಡುಗಳಲ್ಲಿ ಮಂಗನ ಕಾಯಿಲೆಯ ಭಯ ಇದೆ. ಉಣುಗು ಅನ್ನುವ ರಕ್ತ ಹೀರುವ ಸಣ್ಣ ಹುಳು ಕಚ್ಚಿ ಬರುವ ಜ್ವರ ಅದು. 2019ರಲ್ಲಿ ಜೋಗಕ್ಕೆ ದೂರವಲ್ಲದ ಅರಳಗೋಡಿನಲ್ಲಿ ಅದು ಜೀವಗಳನ್ನೇ ತೆಗೆದುಕೊಂಡಿತು. ಆ ತಿಂಗಳುಗಳಲ್ಲಿ ಊರಿನವರು "ಕಾಡಿಗೆ ಇಳಿಯಬೇಡಿ" ಅಂದರೆ ಇಳಿಯಬೇಡಿ.

ಊಟಕ್ಕೆ ಮನೆಯವರು ಏನು ಮಾಡುತ್ತಾರೋ ಅದನ್ನೇ ತಿನ್ನಿ. ತಂಬುಳಿ, ಅಪ್ಪೆಹುಳಿ, ಬೆಳಿಗ್ಗೆ ತೆಳ್ಳೇವು. ಬರುವಾಗ ಒಂದು ಕಟ್ಟು ತೊಡೆದೇವು ತನ್ನಿ. ತಂದ ಚಿಪ್ಸ್ ಪ್ಯಾಕೆಟ್ಟು, ನೀರಿನ ಬಾಟಲಿ ನಿಮ್ಮ ಬ್ಯಾಗಿನಲ್ಲೇ ವಾಪಸ್ ಬರಲಿ. ಈ ಕಾಡಿನಲ್ಲಿ ಸಿಂಗಳೀಕಗಳಿವೆ. ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಇಲ್ಲದ ಪ್ರಾಣಿ ಅದು. ಅದರ ಬಾಯಿಗೆ ನಮ್ಮ ಪ್ಲಾಸ್ಟಿಕ್ ಹೋಗಬಾರದು, ಅಲ್ವಾ?

ಈ ಸಲ ನಾವು ಆಗಸ್ಟ್‌ನಲ್ಲಿ ಹೊರಟಿದ್ದೇವೆ. ತಾಳಗುಪ್ಪಕ್ಕೆ ಎರಡು ಟಿಕೆಟ್ ಆಗಿದೆ. ಕಳೆದ ವಾರ ಆ ಮನೆಯ ಯಜಮಾನಿಗೆ ಫೋನ್ ಮಾಡಿದಾಗ ಅಮ್ಮ ನನ್ನ ಕೈಯಿಂದ ಫೋನು ತೆಗೆದುಕೊಂಡು ತಾವೇ ಕೇಳಿದರು. "ಗಾಳಿ ಯಾವ ಕಡೆಯಿಂದ ಬೀಸ್ತಾ ಇದೆ?"