ಕಾಫಿ ಐಸ್‌ಕ್ರೀಮ್‌ಗೆ ಕಾಫಿ ಹಾಕಿ ಸ್ವಾಮಿ

ನಮಸ್ಕಾರ. ಮೈಸೂರಲ್ಲಿ ಯಾವ ಐಸ್‌ಕ್ರೀಮ್ ಅಂಗಡಿಗಾದ್ರೂ ಹೋಗಿ, ಗೋಡೆ ಮೇಲಿನ ಬೋರ್ಡ್ ಓದಿ. ವೆನಿಲ್ಲಾ, ಸ್ಟ್ರಾಬೆರಿ, ಪಿಸ್ತಾ, ಬಟರ್‌ಸ್ಕಾಚ್, ಬ್ಲ್ಯಾಕ್ ಕರೆಂಟ್. ಬ್ಲ್ಯಾಕ್ ಕರೆಂಟ್ ಹಣ್ಣನ್ನ ಕಣ್ಣಾರೆ ಕಂಡಿರೋರು ನಮ್ಮೂರಲ್ಲಿ ಎಷ್ಟು ಜನ ಇದ್ದೀರಿ, ಕೈ ಎತ್ತಿ ನೋಡೋಣ. ಅದಕ್ಕೂ ಬೋರ್ಡಲ್ಲಿ ಜಾಗ ಇದೆ. ಕಾಫಿ ಹುಡುಕಿ. ಇದ್ರೆ ಕೊನೇ ಸಾಲಲ್ಲಿ, ಮೋಕಾ ಅಂತ ಹೆಸರಿಟ್ಕೊಂಡು, ತಲೆ ಮೇಲೆ ಚಾಕೊಲೇಟ್ ಸುರ್ಕೊಂಡು ಕೂತಿರುತ್ತೆ. ದೇಶದ ಕಾಫೀಲಿ ಸುಮಾರು 70 ಪರ್ಸೆಂಟ್ ಬೆಳೆಯೋ ರಾಜ್ಯ ನಮ್ಮದು. ಹುಣಸೂರು ರಸ್ತೆ ಹಿಡಿದು ಹೊರಟ್ರೆ ಮಧ್ಯಾಹ್ನದ ಊಟದ ಹೊತ್ತಿಗೆ ಕೊಡಗಿನ ತೋಟದಲ್ಲಿರ್ತೀವಿ. ಆದ್ರೂ ಈ ಸ್ಥಿತಿ.

ಸಿಗಲ್ಲ ಅನ್ನೋದಷ್ಟೇ ಅಲ್ಲ ನನ್ನ ತಕರಾರು. ಸಿಕ್ಕಾಗ ಅದರಲ್ಲಿ ಕಾಫಿ ಇರಲ್ಲ. ಬಣ್ಣ ಇರುತ್ತೆ, ಸಕ್ಕರೆ ಇರುತ್ತೆ, ಮೂಗಿಗೆ ಹೊಡೆಯೋ ಎಸೆನ್ಸ್ ಇರುತ್ತೆ. ನುಂಗಿದ ಮೇಲೂ ನಾಲಿಗೇಲಿ ಉಳೀಬೇಕಾದ ಕಹಿ ಮಾತ್ರ ಇರಲ್ಲ. ಕಾಫಿ ಐಸ್‌ಕ್ರೀಮಿನ ಮಜಾ ಇರೋದೇ ಆ ಕಹೀಲಿ. ಉಳಿದ ಐಸ್‌ಕ್ರೀಮೆಲ್ಲ ಸಿಹಿ ಮೇಲೆ ಸಿಹಿ, ಅರ್ಧ ಕಪ್ಪಿಗೇ ಸಾಕಪ್ಪ ಅನ್ಸುತ್ತೆ. ಇದರಲ್ಲಿ ಮೊದಲು ಸಿಹಿ, ಆಮೇಲೆ ಕೆನೆಯ ಜಿಡ್ಡು, ಅದು ಕರಗ್ತಿದ್ದ ಹಾಗೇ ಕಹಿ ಬಂದು ಬಾಯಿ ತೊಳೆದುಬಿಡುತ್ತೆ. ಮುಂದಿನ ಚಮಚಕ್ಕೆ ನಾಲಿಗೆ ಮತ್ತೆ ತಯಾರು. ಕಹಿ ತೆಗೆದ್ರೆ ಉಳಿಯೋದು ಕಂದು ಬಣ್ಣದ ವೆನಿಲ್ಲಾ.

ಇಂಥ ರುಚಿ ನಮ್ಮಲ್ಲಿ ಯಾಕೆ ಬೇರೂರಲಿಲ್ಲ? ನನಗನ್ಸೋದು ಇಷ್ಟು. ಐಸ್‌ಕ್ರೀಮ್ ಮಕ್ಕಳದು, ಕಾಫಿ ದೊಡ್ಡೋರದು ಅಂತ ನಾವು ಗೆರೆ ಎಳೆದುಬಿಟ್ಟಿದ್ದೀವಿ. ಕಾಫಿ ಕುಡಿದ್ರೆ ಕಪ್ಪಗಾಗ್ತೀಯ ಅಂತ ಮೊಮ್ಮಕ್ಕಳನ್ನ ಹೆದರಿಸೋ ಅಜ್ಜಿಯರ ಊರಿದು. ಇನ್ನು ದೊಡ್ಡೋರಿಗೆ ಕಾಫಿ ಅಂದ್ರೆ ಲೋಟ ಮುಟ್ಟಿದ್ರೆ ಬೆರಳು ಸುಡಬೇಕು. ಸ್ವಲ್ಪ ಆರಿದ್ರೂ ಸಪ್ಲೈಯರ್‌ನ ಕರೆದು, "ಬಿಸಿ ಮಾಡ್ಕೊಂಡು ಬಾಪ್ಪ" ಅಂತಾರೆ. ತಣ್ಣನೆ ಕಾಫಿ ಅನ್ನೋದೇ ಅವರ ಪಾಲಿಗೆ ಅಪಚಾರ. ಹೀಗಾಗಿ ಮಕ್ಕಳಿಗೂ ಬೇಡ, ಹಿರಿಯರಿಗೂ ಬೇಡ. ಕೇಳೋರಿಲ್ಲದ ಮೇಲೆ ಅಂಗಡಿಯವನಾದ್ರೂ ಯಾಕೆ ತಲೆ ಕೆಡಿಸ್ಕೋತಾನೆ?

ವಿಚಿತ್ರ ನೋಡಿ, ಕಾಫಿ ಬೆಳೆಯದ ಕಡೆಯೇ ಇದಕ್ಕೆ ಮರ್ಯಾದೆ ಸಿಕ್ಕಿದ್ದು. ಫ್ರಾನ್ಸಿನ ಅಡುಗೆಯವರು 18ನೇ ಶತಮಾನದಲ್ಲೇ ಕಾಫಿ ಹಾಕಿ ಐಸ್ ಮಾಡ್ತಿದ್ರು. ಅಮೆರಿಕದ ಈಶಾನ್ಯ ಮೂಲೆಯ ನ್ಯೂ ಇಂಗ್ಲೆಂಡ್ ಕಡೆ ಇವತ್ತಿಗೂ ಕಾಫಿ ಐಸ್‌ಕ್ರೀಮ್ ಅಂದ್ರೆ ಪ್ರಾಣ. ಅಲ್ಲಿನ ಪುಟ್ಟ ರಾಜ್ಯ ರೋಡ್ ಐಲೆಂಡ್ 1993ರಲ್ಲಿ ಕಾಫಿ ಸಿರಪ್ ಬೆರೆಸಿದ ತಣ್ಣನೆ ಹಾಲನ್ನ ತನ್ನ ಅಧಿಕೃತ ಪಾನೀಯ ಅಂತಲೇ ಘೋಷಿಸ್ತು. ಕೈಯಲ್ಲಿ ತಿರುಗಿಸೋ ಐಸ್‌ಕ್ರೀಮ್ ಯಂತ್ರಕ್ಕೆ 1843ರಲ್ಲಿ ಪೇಟೆಂಟ್ ಪಡೆದ ನ್ಯಾನ್ಸಿ ಜಾನ್ಸನ್ ಕೂಡ ಅಮೆರಿಕದವಳೇ. ನಮ್ಮ ಕಡೆ ಬಾಬಾ ಬುಡನ್, ಏಳು ಬೀಜ, ಚಂದ್ರಗಿರಿ... ಬಿಡಿ, ಆ ಕಥೆ ನಿಮಗೆ ಬಾಯಿಪಾಠ. ಬೀಜ ತಂದೋರ ಕಥೆ ಹೇಳ್ಕೊಂಡೇ ನಾವು ಕಾಲ ಕಳೆದ್ವಿ.

ಈಗ ಅಡುಗೆಮನೆಗೆ ಬನ್ನಿ. "ಫಿಲ್ಟರ್ ಕಾಫಿ ಐಸ್‌ಕ್ರೀಮ್" ಅಂತ ಮನೇಲಿ ಮಾಡೋರು ಮೊದಲು ಕೈ ಹಾಕೋದು ಡಿಕಾಕ್ಷನ್‌ಗೆ. ಗಟ್ಟಿ ಡಿಕಾಕ್ಷನ್ ಇಳಿಸಿ ಹಾಲಿಗೆ ಬೆರೆಸಿ ಫ್ರೀಜರ್‌ಗೆ ಇಡ್ತಾರೆ. ಬೆಳಗ್ಗೆ ನೋಡಿದ್ರೆ ಕಲ್ಲು. ಡಿಕಾಕ್ಷನ್ ಎಷ್ಟೇ ಗಟ್ಟಿ ಇರ್ಲಿ, ಅದು ಬಹುಪಾಲು ನೀರು. ನೀರು ಹೆಚ್ಚಿದಷ್ಟೂ ಐಸಿನ ಹರಳು ದಪ್ಪ ಆಗುತ್ತೆ, ಹಲ್ಲಿಗೆ ಕರಕರ ಸಿಗುತ್ತೆ. ಕಂಪನಿಗಳು ಇನ್‌ಸ್ಟಂಟ್ ಪುಡಿಗೆ ಹೋಗೋದಕ್ಕೆ ಇದೂ ಒಂದು ಕಾರಣ. ನೀರಿಲ್ಲ, ಪ್ರತಿ ಸಲ ಒಂದೇ ರುಚಿ, ಸೋಸೋ ಕೆಲಸವೂ ಇಲ್ಲ. ಆ ಪುಡಿಯನ್ನ ನಾನು ಬೈಯಲ್ಲ. ಇಲ್ಲೇ ನಂಜನಗೂಡಲ್ಲಿ ನೆಸ್ಲೆ ಕಾರ್ಖಾನೆ ಅದನ್ನ ತಯಾರಿಸುತ್ತೆ, ಎಷ್ಟೋ ಮನೆ ನಡೆಯುತ್ತೆ. ಆದ್ರೆ ಇನ್‌ಸ್ಟಂಟ್ ಹಾಕೋದಾದ್ರೂ ಕೈ ಬಿಚ್ಚಿ ಹಾಕ್ರಪ್ಪ ಅಂತೀನಿ.

ಯಾಕಂದ್ರೆ ತಣ್ಣಗಾದಷ್ಟೂ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತೆ, ಮೂಗಿಗೆ ಘಮ ಕಡಿಮೆ ಏಳುತ್ತೆ. ಬಿಸಿ ಲೋಟದಲ್ಲಿ ಹದ ಅನ್ಸಿದ ಕಾಫಿ ಫ್ರೀಜರ್‌ಗೆ ಹೋದ ಮೇಲೆ ಸಪ್ಪೆ. ಐಸ್‌ಕ್ರೀಮ್ ಆಗೋ ಹಾಲನ್ನ ಮುಂಚೆ ರುಚಿ ನೋಡಿದಾಗ "ಅಯ್ಯೋ, ಇದೇನು ಇಷ್ಟು ಕಹಿ, ಇಷ್ಟು ಸಿಹಿ" ಅಂತ ಮುಖ ಸಿಂಡರಿಸೋ ಹಾಗಿರಬೇಕು. ಆಗ ಲೆಕ್ಕ ಸರಿ.

ಹಾಗಾದ್ರೆ ದಾರಿ ಏನು? ಕಾಫಿಯನ್ನ ನೀರಲ್ಲಿ ಇಳಿಸಬೇಡಿ, ಹಾಲಲ್ಲೇ ನೆನೆಹಾಕಿ. ಕಾಫಿಪುಡಿ ಅಂಗಡೀಲಿ ಬೀಜ ತೊಗೊಂಡು ತರಿತರಿಯಾಗಿ ಬೀಸಿಸಿ. "ಫಿಲ್ಟರ್‌ಗಾ?" ಅಂತ ಕೇಳೇ ಕೇಳ್ತಾರೆ. ಅಲ್ಲ, ಇಡ್ಲಿ ರವೆಗಿಂತ ದಪ್ಪ ಇರ್ಲಿ ಅನ್ನಿ. ವಿಚಿತ್ರವಾಗಿ ನೋಡಿದ್ರೆ ನೋಡ್ಲಿ. ಬೀಜದ ದರ್ಜೆ ಪೀಬೆರಿ ಆದ್ರೂ ಸರಿ, ಪ್ಲಾಂಟೇಷನ್ ಎ ಆದ್ರೂ ಸರಿ. ಮಾನ್ಸೂನ್ಡ್ ಮಲಬಾರ್ ಸಿಕ್ಕಿದ್ರೆ ಬಿಡಬೇಡಿ. ಮಂಗಳೂರು ಕಡೆ ಮಳೆಗಾಲದ ಗಾಳಿಗೆ ಹರಡಿ ಹದ ಮಾಡೋ ಬೀಜ ಅದು. ಅದರಲ್ಲಿ ಹುಳಿ ಕಡಿಮೆ, ಹಾಲಿನ ಜೊತೆ ಜಗಳ ಆಡಲ್ಲ.

ಅಳತೆ ಬರ್ಕೊಳ್ಳಿ. 6 ಪರ್ಸೆಂಟ್ ಜಿಡ್ಡಿನ ಗಟ್ಟಿ ಹಾಲು, ನಂದಿನಿ ಸಮೃದ್ಧಿ ಥರದ್ದು, 600 ಮಿಲಿ. ಕಾಯಿಸಿ ಆರಿಸಿ. 45 ಗ್ರಾಂ ತರಿ ಕಾಫಿ ಹಾಕಿ, ಮುಚ್ಚಿ, ರಾತ್ರಿಯಿಡೀ ಫ್ರಿಜ್ಜಲ್ಲಿಡಿ. ಬಿಸೀಲಿ ನೆನೆಹಾಕಿದ್ರೆ ಬೇಗ ಆಗುತ್ತೆ ನಿಜ, ಆದ್ರೆ ಒರಟು ಕಹಿಯೂ ಬರುತ್ತೆ, ಹುಳಿ ಬೀಜ ಆಗಿದ್ರೆ ಹಾಲು ಒಡೆಯೋ ಭಯವೂ ಇದೆ. ತಣ್ಣಗೆ ನೆಂದ ಕಾಫಿ ಮೆತ್ತಗಿರುತ್ತೆ. ಬೆಳಗ್ಗೆ ತೆಳು ಬಟ್ಟೇಲಿ ಸೋಸಿ, ಹಿಂಡಿ. ಪುಡಿ ಒಂದಿಷ್ಟು ಹಾಲು ಕುಡಿದಿರುತ್ತೆ, 500 ಮಿಲಿ ಸಿಕ್ಕಿದ್ರೆ ಸಾಕು. ಇದಕ್ಕೆ 140 ಗ್ರಾಂ ಸಕ್ಕರೆ, 40 ಗ್ರಾಂ ಹಾಲಿನಪುಡಿ, ಒಂದು ಚಿಟಿಕೆ ಉಪ್ಪು. ಸಣ್ಣ ಉರೀಲಿ ಕರಗಿಸಿ, ಕುದಿಸಬೇಡಿ. ಆರಿದ ಮೇಲೆ 25 ಪರ್ಸೆಂಟ್ ಜಿಡ್ಡಿನ ಕ್ರೀಮ್ 250 ಮಿಲಿ. ಒಟ್ಟು ಸೇರಿ ಜಿಡ್ಡು ಸುಮಾರು 10 ಪರ್ಸೆಂಟ್ ಬರುತ್ತೆ. ನಮ್ಮ ದೇಶದ ಆಹಾರ ನಿಯಮದಲ್ಲಿ ಐಸ್‌ಕ್ರೀಮ್ ಅಂತ ಕರೆಸ್ಕೊಳ್ಳೋಕೆ ಬೇಕಾದ ಹಾಲಿನ ಕೊಬ್ಬು ಅಷ್ಟು. ಎಣ್ಣೆ ಕೊಬ್ಬು ಹಾಕಿದ್ದಕ್ಕೆ ಡಬ್ಬಿ ಮೇಲೆ ಫ್ರೋಜನ್ ಡೆಸರ್ಟ್ ಅಂತ ಬರೆದಿರುತ್ತೆ, ಕನ್ನಡಕ ಹಾಕ್ಕೊಂಡು ಓದಿ.

ಹಾಲಿನಪುಡಿ ಇನ್ನಷ್ಟು ಇರ್ಲಿ ಅಂತ ಸುರೀಬೇಡಿ. ಅದರಲ್ಲಿರೋ ಲ್ಯಾಕ್ಟೋಸ್, ಅಂದ್ರೆ ಹಾಲಿನ ಸಕ್ಕರೆ, ಹೆಚ್ಚಾದ್ರೆ ಹರಳುಗಟ್ಟಿ, ತಿನ್ನುವಾಗ ಮರಳು ಮರಳು. ಸಕ್ಕರೆ ಕಡಿಮೆ ಮಾಡ್ತೀನಿ ಅನ್ನೋರಿಗೂ ಒಂದು ಮಾತು. ಇಲ್ಲಿ ಸಕ್ಕರೆ ಇರೋದು ಸಿಹಿಗೆ ಮಾತ್ರ ಅಲ್ಲ. ಅದು ನೀರನ್ನ ಪೂರ್ತಿ ಗಟ್ಟಿಯಾಗೋಕೆ ಬಿಡಲ್ಲ, ಚಮಚ ಇಳಿಯೋದು ಅದರ ದಯೆಯಿಂದ. 1933ರಲ್ಲೇ ಸಕ್ಕರೆ ಕಂಪನಿ ಕಟ್ಟಿಸ್ಕೊಂಡ ಮಂಡ್ಯ ಪಕ್ಕದಲ್ಲಿಟ್ಕೊಂಡು ಸಕ್ಕರೆಗೆ ಹೆದರೋದಾ? ಬೇಕಿದ್ರೆ ಕಾಲುಭಾಗ ಸಕ್ಕರೆ ಬದಲು ಮಂಡ್ಯದ ಬೆಲ್ಲ ಹಾಕಿ. ಹಳ್ಳಿ ಕಡೆ ಬೆಲ್ಲದ ಕಾಫಿ ಕುಡಿದೋರಿಗೆ ಆ ಜೋಡಿ ಗೊತ್ತು. ಬೆಲ್ಲವನ್ನ ಬಿಸಿ ಹಾಲಿಗೆ ಹಾಕಿದ್ರೆ ಒಡೆಯುತ್ತೆ. ಬೇರೆ ಕರಗಿಸಿ, ಸೋಸಿ, ಆರಿಸಿ, ಕೊನೇಲಿ ಬೆರೆಸಿ.

ಚಿಕೋರಿ ಬಗ್ಗೆ ಕೇಳ್ತೀರಿ ಅಂತ ಗೊತ್ತು. ಈ ವಿಷಯದಲ್ಲಿ ಮೈಸೂರಿನ ಮನೆ ಮನೇಲೂ ಪಂಥ ಇದೆ. ಚಿಕೋರಿ ಅಂದ್ರೆ ಒಂದು ಗಿಡದ ಬೇರು ಹುರಿದು ಮಾಡಿದ ಪುಡಿ, ಕೆಫೀನ್ ಇಲ್ಲ. ಲೋಟದಲ್ಲಿ ಅದು ಬಣ್ಣ ಕೊಡುತ್ತೆ, ಮಂದ ಕೊಡುತ್ತೆ, ನಾನೂ ದಿನಾ ಬೆಳಗ್ಗೆ ಅದನ್ನೇ ಕುಡಿಯೋದು. ಐಸ್‌ಕ್ರೀಮ್‌ಗೆ ಮಾತ್ರ ಬೇಡ. ಮಂದ ಕೊಡೋಕೆ ಕೆನೆ ಇದೆ. ತಣ್ಣಗಿದ್ದಾಗ ಘಮ ಮೊದಲೇ ಸಣಕಲು, ಅದರ ಪಾಲನ್ನ ಬೇರಿಗೆ ಯಾಕೆ ಕೊಡ್ಬೇಕು? ಪೊಟ್ಟಣದ ಮಿಶ್ರ ಪುಡೀಲಿ 49 ಪರ್ಸೆಂಟ್‌ವರೆಗೂ ಚಿಕೋರಿ ಇರಬಹುದು ಅಂತ ನಿಯಮವೇ ಇದೆ. ಅದನ್ನ 45 ಗ್ರಾಂ ಹಾಕಿದ್ರೆ ಕಾಫಿ ಬಿದ್ದಿದ್ದು ಅರ್ಧ ಅಷ್ಟೆ.

ಯಂತ್ರ ಇಲ್ಲದಿದ್ರೆ ಅಗಲವಾದ ಸ್ಟೀಲ್ ಡಬ್ಬೀಲಿ ತೆಳ್ಳಗೆ ಸುರಿದು ಫ್ರೀಜರ್‌ಗಿಡಿ. ಮುಕ್ಕಾಲು ಗಂಟೆಗೊಮ್ಮೆ ತೆಗೆದು, ಅಂಚಿನ ಗಟ್ಟಿಯನ್ನ ಕೆರೆದು ಚೆನ್ನಾಗಿ ಕಡೀರಿ. ಮೂರ್ನಾಲ್ಕು ಸಲ ಸಾಕು. ಕಡೆದಷ್ಟೂ ಹರಳು ಸಣ್ಣ, ಒಳಗೆ ಗಾಳಿಯೂ ಸೇರುತ್ತೆ. ಬೇಸಿಗೇಲಿ ಕರೆಂಟ್ ಹೋಗೋ ಬಡಾವಣೆಯವರು ಅವತ್ತೇ ತಿಂದು ಮುಗಿಸಿ. ಅರ್ಧ ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಮ್ ಯಾವ ದೇವರು ಬಂದ್ರೂ ಮೊದಲಿನ ಹಾಗಾಗಲ್ಲ. ಅಂಗಡಿ ಕಪ್ಪಲ್ಲಿ ಮುಚ್ಚಳಕ್ಕೆ ಮಂಜು ಮೆತ್ತಿದ್ರೆ, ಹಲ್ಲಿಗೆ ಐಸ್ ಸಿಕ್ಕಿದ್ರೆ, ಅದರ ಹಣೆಬರಹವೂ ಬಹುಶಃ ಅದೇ.

ಇಷ್ಟೆಲ್ಲ ಆಗಲ್ಲಪ್ಪ ಅನ್ನೋ ಸೋಮಾರಿಗಳಿಗೆ ಇಟಲಿಯವರು ಒಂದು ಉಪಾಯ ಕೊಟ್ಟಿದ್ದಾರೆ. ತಣ್ಣನೆ ವೆನಿಲ್ಲಾ ಮೇಲೆ ಬಿಸಿ ಎಸ್‌ಪ್ರೆಸ್ಸೊ ಸುರಿಯೋದು, ಹೆಸರು ಅಫೊಗಾಟೊ. ನಮ್ಮ ಡಿಕಾಕ್ಷನ್‌ಗೆ ಸರಿಯಾದ ಜಾಗ ಇದು. ಬಟ್ಟಲಲ್ಲಿ ಎರಡು ಉಂಡೆ ವೆನಿಲ್ಲಾ, ಮೇಲೆ ಆಗಷ್ಟೇ ಇಳಿದ ಮೊದಲ ಡಿಕಾಕ್ಷನ್, ಸಕ್ಕರೆ ಹಾಕದೆ. ಇಲ್ಲಿ ಚಿಕೋರಿ ಇದ್ರೂ ನನ್ನ ಅಭ್ಯಂತರ ಇಲ್ಲ.

ಮದುವೆ ಅಡುಗೆ ಗುತ್ತಿಗೆ ಹಿಡಿಯೋರು ಯಾರಾದ್ರೂ ಕೇಳ್ತಿದ್ರೆ, ಛತ್ರದಲ್ಲಿ ಊಟ ಆದ್ಮೇಲೆ ಬೀಡಾ ಪಕ್ಕ ಕೊಡೋ ಆ ವೆನಿಲ್ಲಾ ಕಪ್ ಬದಲು ಒಂದೇ ಒಂದು ಮದುವೇಲಿ ಈ ಕಾಫಿ ಐಸ್‌ಕ್ರೀಮ್ ಇಟ್ಟು ನೋಡಿ. ಹೋಳಿಗೆ ತುಪ್ಪ ಹೊಡೆದ ಹೊಟ್ಟೆಗೆ ಇನ್ನೊಂದು ಸಿಹಿಗಿಂತ ಸ್ವಲ್ಪ ಕಹಿ ಹಿತ. ಆದ್ರೆ ರಾತ್ರಿ ರಿಸೆಪ್ಷನ್‌ಗೆ ರೊಬಸ್ಟಾ ಬೀಜ ಹಾಕಬೇಡಿ. ಕಾಫಿಯ ಇನ್ನೊಂದು ಜಾತಿ ಅರೇಬಿಕಾಗಿಂತ ಅದರಲ್ಲಿ ಕೆಫೀನ್ ಸುಮಾರು ಎರಡು ಪಟ್ಟು, ಗಂಡಿನ ಕಡೆಯೋರು ಬೆಳಗಿನ ಜಾವದವರೆಗೂ ಹರಟೆ ಹೊಡೀತಾ ಕೂತ್ಕೋತಾರೆ. ಮನೇಲಾದ್ರೆ ಸಂಜೆ ನಾಲ್ಕು ಗಂಟೆ ಸರಿ, ಜೊತೆಗೆ ಖಾರದ ಕೋಡುಬಳೆ. ನಗಬೇಡಿ, ಒಂದು ಕಡಿತ ಅದು, ಒಂದು ಚಮಚ ಇದು, ಹಾಗೇ ತಿಂದು ನೋಡಿ. ಏನನ್ನಿಸ್ತು ಅಂತ ಕೆಳಗೆ ಬರೀರಿ, ಬೈಗುಳ ಆದ್ರೂ ಪರವಾಗಿಲ್ಲ.