ಹಳೇ ಡೆಸ್ಕ್‌ಟಾಪ್‌ಗೆ ಹೊಸ ಬಿಡಿಭಾಗ: ಕೊಳ್ಳುವ ಮುಂಚೆ ಬಿಚ್ಚಿ ನೋಡಿ

ಎಲ್ಲರಿಗೂ ನಮಸ್ಕಾರ.

ಈ ಟೇಬಲ್ ಮೇಲೆ ಇಟ್ಟಿರುವ ಕಪ್ಪು ಕ್ಯಾಬಿನೆಟ್ ನಮ್ಮ ಪಕ್ಕದ ಮನೆಯ ಟೀಚರ್ ಅವರದ್ದು. ರಿಟೈರ್ ಆಗಿದ್ದಾರೆ. 2014ರಲ್ಲಿ ಮಗ ಇಂಜಿನಿಯರಿಂಗ್ ಸೇರಿದಾಗ ಕೊಂಡಿದ್ದು. ಮಗ ಕೆಲಸಕ್ಕೆ ಅಂತ ಬೇರೆ ಊರಿಗೆ ಹೋದ, ಪೆಟ್ಟಿಗೆ ಇಲ್ಲೇ ಉಳಿಯಿತು. ಟೀಚರ್ ಅದರಲ್ಲೇ ಮನೆಯವರ ಫೋಟೊ ಎಲ್ಲ ಇಟ್ಟುಕೊಂಡಿದ್ದಾರೆ, ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ತಮ್ಮ ಶಾಲೆಯ ದಿನಗಳ ನೆನಪು ಬರೆಯುತ್ತಾರೆ, ಸಂಜೆ ಮಗನ ಜೊತೆ ವಿಡಿಯೊ ಕಾಲ್ ಮಾಡುತ್ತಾರೆ. ಒಂದು ದಿನ ನನ್ನನ್ನು ಕರೆದು, "ನೋಡಪ್ಪಾ, ಬಟನ್ ಒತ್ತಿ ಅಡುಗೆಮನೆಗೆ ಹೋದರೆ, ಕಾಫಿ ಮಾಡಿ ಕುಡಿದು ಲೋಟ ತೊಳೆದು ಬಂದರೂ ಇದು ಇನ್ನೂ ಸುತ್ತುತ್ತಲೇ ಇರುತ್ತೆ. ಗುಜರಿಗೆ ಹಾಕಿಬಿಡ್ಲಾ?" ಅಂದರು. ಒಂದು ಅಂಗಡಿಯಲ್ಲಿ ಆಗಲೇ ಹೇಳಿಬಿಟ್ಟಿದ್ದರಂತೆ, ಇದರ ಕಾಲ ಮುಗೀತು ಮೇಡಂ, ಹೊಸದು ತಗೊಳ್ಳಿ ಅಂತ.

ಮುಗಿದಿರಲಿಲ್ಲ. ನನಗೆ ಇವತ್ತು ಹೇಳಬೇಕು ಅನ್ನಿಸಿರುವುದೂ ಅಷ್ಟೇ. ಕಂಪ್ಯೂಟರ್ ನಿಧಾನ ಆಯ್ತು ಅಂದ ತಕ್ಷಣ ದುಡ್ಡು ಬಿಚ್ಚಬೇಡಿ, ಮೊದಲು ಪೆಟ್ಟಿಗೆ ಬಿಚ್ಚಿ. ಎಲ್ಲಿ ನಿಧಾನ ಅಂತ ಗೊತ್ತಾದರೆ ಯಾವುದಕ್ಕೆ ದುಡ್ಡು ಹಾಕಬೇಕು ಅನ್ನುವುದೂ ಗೊತ್ತಾಗುತ್ತದೆ.

ಬಿಚ್ಚುವ ಮುಂಚೆ ಇನ್ನೊಂದು ಕೆಲಸ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದನ್ನು ತೆರೆದಿಟ್ಟುಕೊಂಡು ನೀವು ದಿನಾ ಮಾಡುವ ಕೆಲಸವನ್ನೇ ಮಾಡಿ. ಬ್ರೌಸರ್ ತೆಗೆಯಿರಿ, ಫೋಟೊ ನೋಡಿ, ಫೈಲ್ ತೆರೆಯಿರಿ. ಸಿಪಿಯು (ಅಂದರೆ ಪ್ರೊಸೆಸರ್), ಮೆಮೊರಿ, ಡಿಸ್ಕ್, ಈ ಮೂರರಲ್ಲಿ ಯಾವುದು ನೂರಕ್ಕೆ ಹೋಗಿ ಕೂರುತ್ತದೆ ನೋಡಿ. ಟೀಚರ್ ಮನೆಯಲ್ಲಿ ಡಿಸ್ಕ್ ನೂರಕ್ಕೆ ಹೋಗಿ ಕೂತಿತ್ತು, ಕೆಳಗೆ ಇಳಿಯುತ್ತಲೇ ಇರಲಿಲ್ಲ. ಸಿಪಿಯು ಮಾತ್ರ ಹದಿನೈದು ಇಪ್ಪತ್ತರಲ್ಲಿ ಆರಾಮಾಗಿತ್ತು. ಅಂದರೆ ಪ್ರೊಸೆಸರ್ ಕೆಲಸಕ್ಕಾಗಿ ಕಾಯುತ್ತಾ ಕೂತಿದೆ, ಡಿಸ್ಕ್ ಕೊಡುತ್ತಿಲ್ಲ. ಇಂಥ ಕಡೆ ಹೊಸ ಪ್ರೊಸೆಸರ್ ಹಾಕಿ ಏನು ಪ್ರಯೋಜನ ಹೇಳಿ?

ಡಿಸ್ಕ್ ಯಾಕೆ ಕೊಡಲ್ಲ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತದೆ, ಅದರ ಮೇಲೆ ಒಂದು ತೋಳು ಆಚೆ ಈಚೆ ಓಡಾಡುತ್ತದೆ. ಹಳೇ ಗ್ರಾಮಫೋನ್ ಇದ್ದ ಹಾಗೆ, ಆದರೆ ಮುಳ್ಳು ತಟ್ಟೆಗೆ ತಾಗುವುದಿಲ್ಲ. ಇದರ ವೇಗ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120. ಒಂದು ಸುತ್ತಿಗೆ ಎಂಟು ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಬೇಕಾದ ಫೈಲಿನ ಚೂರು ತೋಳಿನ ಕೆಳಗೆ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೆ ಮುಂಚೆ ತೋಳು ಆ ಜಾಗಕ್ಕೆ ಹೋಗಬೇಕು, ಎಲ್ಲ ಸೇರಿ ಹನ್ನೆರಡು ಹದಿಮೂರು ಮಿಲಿಸೆಕೆಂಡ್. ಲೆಕ್ಕ ಹಾಕಿ. ಸೆಕೆಂಡಿಗೆ ಸುಮಾರು ಎಂಬತ್ತು ಚೂರು, ಅಷ್ಟೇ. ವಿಂಡೋಸ್ ಶುರುವಾಗುವಾಗ ಸಾವಿರಾರು ಚಿಕ್ಕ ಚಿಕ್ಕ ಚೂರುಗಳನ್ನು ಅಲ್ಲಿ ಇಲ್ಲಿ ಹುಡುಕಿ ಓದಬೇಕು. ಟೀಚರ್ ಕಾಫಿ ಕುಡಿದು ಬರುವ ಹೊತ್ತು ಹೋಗುತ್ತಿದ್ದದ್ದು ಅಲ್ಲಿ. ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ತೋಳೂ ಇಲ್ಲ, ಬರೀ ಚಿಪ್, ಹಾರ್ಡ್ ಡಿಸ್ಕ್ ಬದಲು ಹಾಕುವುದು ಇದನ್ನೇ. ಒಂದು ಚೂರಿಗೆ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ಸಾಕು.

ಹಾಗಾಗಿ ಹಾರ್ಡ್ ಡಿಸ್ಕ್ ಇರುವ ಯಾವುದೇ ಹಳೇ ಡೆಸ್ಕ್‌ಟಾಪ್‌ಗೆ ಮೊದಲ ದುಡ್ಡು ಎಸ್‌ಎಸ್‌ಡಿಗೆ ಹೋಗಲಿ. ಈ ವಿಷಯದಲ್ಲಿ ನನಗೆ ಎರಡು ಮಾತಿಲ್ಲ. 2014ರ ಮದರ್‌ಬೋರ್ಡಿನಲ್ಲಿ ಹೊಸ ಥರದ ಚಪ್ಪಟೆ ಎಸ್‌ಎಸ್‌ಡಿ ಕೂರುವ ಎಂ.2 ಜಾಗ ಇರುವುದು ಅಪರೂಪ, ಬೇಕಾಗಿಯೂ ಇಲ್ಲ. ಹಾರ್ಡ್ ಡಿಸ್ಕಿನ ಕೇಬಲ್ಲಿಗೇ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಳ್ಳಿ. ಅದರ ಮೇಲ್ಮಿತಿ ಸೆಕೆಂಡಿಗೆ ಸುಮಾರು 550 ಎಂಬಿ. ಈ ಟೀಚರ್ ಮಷಿನ್‌ನದು ಎಚ್81 ಬೋರ್ಡ್, ಅದರಲ್ಲಿ ನಾಲ್ಕು ಸಾಟಾ ಪೋರ್ಟ್ ಇವೆ, ಆದರೆ ನಾಲ್ಕೂ ಒಂದೇ ಅಲ್ಲ. ಎರಡು 6 ಗಿಗಾಬಿಟ್, ಎರಡು 3 ಗಿಗಾಬಿಟ್. ನಾನು ಮೊದಲ ಸಲ ಕೈಗೆ ಸಿಕ್ಕಿದ ಪೋರ್ಟಿಗೆ ಕೇಬಲ್ ಚುಚ್ಚಿದೆ. ವೇಗ ಅಳೆದರೆ 270ರ ಆಸುಪಾಸು ತೋರಿಸಿತು. ಮತ್ತೆ ಪಕ್ಕದ ಬಾಗಿಲು ತೆಗೆದು ಟಾರ್ಚ್ ಬಿಟ್ಟು ನೋಡಿದರೆ ಪೋರ್ಟ್ ಪಕ್ಕದಲ್ಲೇ ಬೋರ್ಡಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬದಲಾಯಿಸಿದೆ, ಐನೂರು ದಾಟಿತು. ಕೇಬಲ್ ಹಾಕುವ ಮುಂಚೆ ಆ ಸಣ್ಣ ಅಕ್ಷರ ಓದಿ.

ಕಾಪಿ ಮಾಡಿಕೊಳ್ಳುವ ವಿಷಯ ಮರೆಯಬೇಡಿ. ಬಿಚ್ಚುವ ಮುಂಚೆ ಫೋಟೊ, ಕಾಗದಪತ್ರ ಎಲ್ಲ ಬೇರೆ ಡಿಸ್ಕಿಗೆ ಹೋಗಿರಬೇಕು. ಹಳೇ ನುಡಿ, ಬರಹ ತಂತ್ರಾಂಶಗಳ ಫೈಲುಗಳು ಇದ್ದರೆ ಅವುಗಳ ಫಾಂಟುಗಳನ್ನೂ ಕಾಪಿ ಮಾಡಿಕೊಳ್ಳಿ. ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಥರ ಕಾಣುವ ಯೂನಿಕೋಡ್ ಅಕ್ಷರಗಳಿಗಿಂತ ಮುಂಚಿನ ಕಾಲದ ಆ ಫೈಲುಗಳು ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಎಷ್ಟೋ ಜನ ಫೈಲ್ ಹಾಳಾಯ್ತು ಅಂದುಕೊಂಡು ಅಳಿಸಿಬಿಟ್ಟಿದ್ದಾರೆ. ಹಾಳಾಗಿರುವುದಿಲ್ಲ.

ಇನ್ನು ರ‍್ಯಾಮ್. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಅಂತ ಕಾಣುವುದು ಇದೇ, ನಡೆಯುತ್ತಿರುವ ಕೆಲಸವನ್ನು ಆ ಹೊತ್ತಿಗೆ ಇಟ್ಟುಕೊಳ್ಳುವ ಜಾಗ. ಟೀಚರ್ ಮಷಿನ್‌ನಲ್ಲಿ 4 ಜಿಬಿಯ ಒಂದೇ ಒಂದು ಕಡ್ಡಿ ಇತ್ತು. ಬ್ರೌಸರ್‌ನಲ್ಲಿ ಐದಾರು ಟ್ಯಾಬ್ ತೆಗೆದರೆ ತುಂಬಿಹೋಗುತ್ತಿತ್ತು. ತುಂಬಿದ ಮೇಲೆ ಮಷಿನ್ ಡಿಸ್ಕನ್ನೇ ರ‍್ಯಾಮ್ ಥರ ಬಳಸಿಕೊಳ್ಳುತ್ತದೆ, ಅದೂ ಆ ಎಂಬತ್ತು ಚೂರಿನ ಡಿಸ್ಕು. ಒಂದರ ಭಾರ ಇನ್ನೊಂದರ ಮೇಲೆ ಬೀಳುವುದು ಹೀಗೆ. 8 ಜಿಬಿ ಮಾಡಿದರೆ ಮನೆ ಕೆಲಸಕ್ಕೆ ಸಾಕು. ಈ ಬೋರ್ಡಿನಲ್ಲಿ ಎರಡೇ ಸ್ಲಾಟ್, 16 ಜಿಬಿವರೆಗೆ ಹಾಕಬಹುದು. ಒಂದೇ ಥರದ ಎರಡು ಕಡ್ಡಿ ಹಾಕಿದರೆ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತದೆ, ಅದು ಒಳ್ಳೆಯದು.

ರ‍್ಯಾಮ್ ಕೊಳ್ಳುವಾಗ ತಲೆಮಾರು ನೋಡಬೇಕು. ಈ ಬೋರ್ಡಿಗೆ ಬೇಕಾದ ಡಿಡಿಆರ್3ಕ್ಕೆ 240 ಪಿನ್, ಡಿಡಿಆರ್4ಕ್ಕೆ 288. ಡಿಡಿಆರ್5ಕ್ಕೂ 288ಏ, ಆದರೆ ಮಧ್ಯದ ಕಚ್ಚು ಬೇರೆ ಜಾಗದಲ್ಲಿದೆ. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ, ಬಲವಂತ ಮಾಡಿದರೆ ಸ್ಲಾಟ್ ಮುರಿಯುತ್ತದೆ. ಹೊಸ ಕಡ್ಡಿಗಳ ಬೆಲೆ 2025ರ ಕೊನೆಯ ತಿಂಗಳುಗಳಲ್ಲಿ ವಿಪರೀತ ಏರಿತು, ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹರಿದುಹೋಗುತ್ತಿರುವುದೇ ಅದಕ್ಕೆ ಕಾರಣ. ಹಾಗಾಗಿ ಹಳೇ ಮಷಿನ್‌ಗೆ ಸೆಕೆಂಡ್ ಹ್ಯಾಂಡ್ ಡಿಡಿಆರ್3 ಹುಡುಕುವುದು ಬುದ್ಧಿವಂತಿಕೆ. ಬೆಂಗಳೂರಿಗೆ ಹೋದರೆ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆ ಇದ್ದೇ ಇದೆ. ಒಂದು ಎಚ್ಚರಿಕೆ ಮಾತ್ರ. 8 ಜಿಬಿಯ ಕೆಲವು ಡಿಡಿಆರ್3 ಕಡ್ಡಿಗಳು ತುಂಬಾ ಅಗ್ಗಕ್ಕೆ ಸಿಗುತ್ತವೆ, ಅವು ಎಎಂಡಿ ಬೋರ್ಡಿನಲ್ಲಿ ಮಾತ್ರ ಓಡುವಂಥವು. ಇಂಟೆಲ್ ಬೋರ್ಡಿಗೆ ಹಾಕಿದರೆ ಪರದೆಯೇ ಬರುವುದಿಲ್ಲ. ನನ್ನ ಬೋರ್ಡ್ ಇಂಟೆಲ್, ಅದರಲ್ಲಿ ನಡೆಯುತ್ತಾ ಅಂತ ಬಾಯಿಬಿಟ್ಟು ಕೇಳಿ, ಆಗದಿದ್ದರೆ ವಾಪಸ್ ತಗೊಳ್ಳುತ್ತೀರಾ ಅಂತಲೂ ಕೇಳಿ.

ಈಗ ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ತಕ್ಕ ಹಾಗೆ ಬದಲಾಯಿಸಿ ಕೊಡುವ ಡಬ್ಬಿ ಇದು. ಇದರ ಬಗ್ಗೆ ನನಗೆ ನಿಜಕ್ಕೂ ಕಳವಳ ಇದೆ, ಯಾಕೆಂದರೆ ಜನ ಎಲ್ಲಕ್ಕೂ ದುಡ್ಡು ಹಾಕಿ ಇದರಲ್ಲಿ ಉಳಿಸಲು ಹೋಗುತ್ತಾರೆ. ನನ್ನ ತಮ್ಮ ತನ್ನ ಮಷಿನ್‌ಗೆ ಆಟ ಆಡಲು ಒಂದು ಗ್ರಾಫಿಕ್ಸ್ ಕಾರ್ಡ್ ತಂದ. 120 ವ್ಯಾಟಿನದು. ಕಾರ್ಡಿಗೆ ಆರು ಪಿನ್ನಿನ ಕರೆಂಟ್ ಕನೆಕ್ಟರ್ ಬೇಕಿತ್ತು, ಕ್ಯಾಬಿನೆಟ್ ಜೊತೆ ಬಂದಿದ್ದ ಎಸ್‌ಎಂಪಿಎಸ್‌ನಲ್ಲಿ ಅದು ಇರಲಿಲ್ಲ. ಅಂಗಡಿಯಲ್ಲಿ ಒಂದು ಕನ್ವರ್ಟರ್ ವೈರ್ ಕೊಟ್ಟರು, ಏನೂ ಆಗಲ್ಲ ಹಾಕಿ ಅಂದರು. ಹತ್ತು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ರಾತ್ರಿ ಊಟಕ್ಕೆ ಕೂತಿದ್ದಾಗ ರೂಮಿನಿಂದ ಚಟ್ ಅಂತ ಸದ್ದು, ಹಿಂದೆಯೇ ಸುಟ್ಟ ಪ್ಲಾಸ್ಟಿಕ್ ವಾಸನೆ. ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಜೊತೆಗೆ ತಗೊಂಡು ಹೋಯಿತು. ಅಮ್ಮ ಆ ವಾರ ಪೂರ್ತಿ ಆ ರೂಮಿನ ಸ್ವಿಚ್ ಹಾಕಲು ಬಿಡಲಿಲ್ಲ.

ಕ್ಯಾಬಿನೆಟ್ ಬಿಚ್ಚಿದ ಮೇಲೆ ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿದೆ. ದೊಡ್ಡದಾಗಿ 450 ವ್ಯಾಟ್ ಅಂತ ಇತ್ತು. ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿನ ಎದುರು 16 ಆಂಪ್. ಹನ್ನೆರಡು ಹದಿನಾರಲಿ 192. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಎಳೆಯುವುದು ಈ 12 ವೋಲ್ಟಿನಿಂದಲೇ. ಕಾರ್ಡಿಗೆ 120, ಪ್ರೊಸೆಸರ್‌ಗೆ 84, ಅಲ್ಲಿಗೇ 204 ಆಯ್ತು. ಫ್ಯಾನು, ಡಿಸ್ಕು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ದಯವಿಟ್ಟು ದೊಡ್ಡ ಅಕ್ಷರದ ವ್ಯಾಟ್ ನೋಡಬೇಡಿ, ಈ ಗುಣಾಕಾರ ಮಾಡಿ. ಎಸ್‌ಎಸ್‌ಡಿ, ರ‍್ಯಾಮ್ ಅಷ್ಟೇ ಹಾಕುವುದಾದರೆ ಚೆನ್ನಾಗಿರುವ ಹಳೇ ಎಸ್‌ಎಂಪಿಎಸ್ ಇರಲಿ. ಗ್ರಾಫಿಕ್ಸ್ ಕಾರ್ಡ್ ಯೋಚನೆ ಇದ್ದರೆ ಮೊದಲು ಇದನ್ನು ಬದಲಾಯಿಸಿ, ಕಾರ್ಡ್ ಆಮೇಲೆ. ಮತ್ತೆ, ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಯಾವತ್ತೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಅಪಾಯದ ಕರೆಂಟ್ ಉಳಿದಿರುತ್ತದೆ.

ಕರೆಂಟ್ ಮಾತು ಬಂತಲ್ಲ, ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ ಅಂತ ಎಷ್ಟು ಮನೆಯಲ್ಲಿ ಹೇಳುತ್ತಾರೆ! ಕಂಪ್ಯೂಟರ್ ಹಾಗೇ ಅಂದುಕೊಂಡು ಚಪ್ಪಲಿ ಹಾಕಿಕೊಂಡು ಕೂರುತ್ತಾರೆ. ಅದು ಮನೆಯ ಅರ್ತಿಂಗ್ ಸರಿಯಿಲ್ಲದ ಗುರುತು. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಒಂದಿಷ್ಟು ಕರೆಂಟನ್ನು ಅರ್ತ್ ಕಡೆಗೆ ಕಳಿಸುತ್ತಿರುತ್ತದೆ, ಅರ್ತ್ ಇಲ್ಲದಿದ್ದರೆ ಕ್ಯಾಬಿನೆಟ್ಟಿನ ತಗಡಿಗೇ ಬಂದು ನಿಲ್ಲುತ್ತದೆ. ಹೊಸ ಬಿಡಿಭಾಗ ತರುವ ಮುಂಚೆ ಎಲೆಕ್ಟ್ರಿಷಿಯನ್ ಕರೆಸಿ.

ಪ್ರೊಸೆಸರ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಟೀಚರ್ ಮಷಿನ್‌ನಲ್ಲಿರುವುದು ನಾಲ್ಕನೇ ತಲೆಮಾರಿನ ಐ3-4130, ಎರಡು ಕೋರ್, ಅಂದರೆ ಒಟ್ಟಿಗೆ ಕೆಲಸ ಮಾಡುವ ಎರಡು ಭಾಗ. ಇದೇ ಬೋರ್ಡಿಗೆ ಸೆಕೆಂಡ್ ಹ್ಯಾಂಡ್ ಐ5-4570 ಹಾಕಿದರೆ ನಾಲ್ಕು ಕೋರ್ ಆಗುತ್ತದೆ. ಓದುವ ಮಕ್ಕಳಿಗೆ ಸರಿ, ಟೀಚರ್‌ಗೆ ಬೇಕಿರಲಿಲ್ಲ. ಆದರೆ ಯಾವ ನಾಲ್ಕನೇ ತಲೆಮಾರಿನ ಚಿಪ್ ಹಾಕಿದರೂ ವಿಂಡೋಸ್ 11ರ ಪಟ್ಟಿಗೆ ಸೇರಲ್ಲ. ಇಂಟೆಲ್ ಆದರೆ ಎಂಟನೇ ತಲೆಮಾರಿನಿಂದ ಈಚೆಗೆ ಇರಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಇರಬೇಕು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕ್ ಕೆಲಸ ಮಾಡುವ ಮಷಿನ್‌ನಲ್ಲಿ ಅದನ್ನು ಹಾಗೇ ಬಿಟ್ಟುಕೊಂಡಿರಬಾರದು.

ಟೀಚರ್ ಮಷಿನ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿದೆವು. ಅವರಿಗೆ ಇದ್ದದ್ದು ಒಂದೇ ಭಯ, "ನನ್ನ ಬೆರಳು ಹೊಸದಾಗಿ ಕಲಿಯಬೇಕೇನಪ್ಪಾ?" ಕಲಿಯಬೇಕಿರಲಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, ನುಡಿಯಲ್ಲಿ ಇದ್ದದ್ದೇ, ಲಿನಕ್ಸ್‌ನಲ್ಲಿ ಕಗಪ ಅಂತ ಸಿಗುತ್ತದೆ. ಹಳೇ ಫೈಲುಗಳನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಾಯಿಸಿಕೊಂಡೆವು. ಅರ್ಕಾವತ್ತು ಬರುವ ಕಡೆ ಅಲ್ಲಲ್ಲಿ ತಪ್ಪಾಗಿತ್ತು. ಎರಡು ಸಂಜೆ ಪಕ್ಕದಲ್ಲಿ ಕೂತು ಒಬ್ಬರು ಓದಿ ಒಬ್ಬರು ತಿದ್ದಿದೆವು. ವಿಂಡೋಸ್ಸೇ ಬೇಕು, ವಿಡಿಯೊ ಎಡಿಟಿಂಗ್ ಮಾಡಬೇಕು ಅನ್ನುವವರು ಬೋರ್ಡ್, ಪ್ರೊಸೆಸರ್, ರ‍್ಯಾಮ್ ಮೂರನ್ನೂ ಒಟ್ಟಿಗೆ ಬದಲಾಯಿಸಬೇಕಾಗುತ್ತದೆ. ಕ್ಯಾಬಿನೆಟ್, ಮಾನಿಟರ್, ಎಸ್‌ಎಸ್‌ಡಿ ಹಾಗೇ ಉಳಿಯುತ್ತವೆ. ಹಳೇ ಬೋರ್ಡ್ ಕೊಳ್ಳುವಾಗ ಸಾಕೆಟ್, ಅಂದರೆ ಪ್ರೊಸೆಸರ್ ಕೂರುವ ಜಾಗದ ಹೆಸರು ಒಂದೇ ಅಂತ ನಂಬಬೇಡಿ. ಎಲ್‌ಜಿಎ 1151 ಅನ್ನುವ ಹೆಸರಿನಲ್ಲೇ ಆರು, ಏಳನೇ ತಲೆಮಾರಿನ ಬೋರ್ಡುಗಳಿವೆ, ಎಂಟು, ಒಂಬತ್ತರವೂ ಇವೆ. ಒಂದರ ಪ್ರೊಸೆಸರ್ ಇನ್ನೊಂದರಲ್ಲಿ ನಡೆಯಲ್ಲ.

ಹಳೇ ಹಾರ್ಡ್ ಡಿಸ್ಕ್ ಚೆನ್ನಾಗಿದ್ದರೆ ಒಳಗೇ ಇರಲಿ, ಫೋಟೊ ಇಡಲು ಆಗುತ್ತದೆ. ಗುಜರಿಗೆ ಕೊಡುವುದಾದರೆ ಪೂರ್ತಿ ಅಳಿಸಿ ಕೊಡಿ, ಅದರಲ್ಲಿ ನಿಮ್ಮ ಆಧಾರ್, ಪಾನ್ ಕಾರ್ಡಿನ ಸ್ಕ್ಯಾನ್ ಇರುತ್ತವೆ.

ಟೀಚರ್ ಮಷಿನ್ ಮುಂಚೆ ಶುರುವಾಗಲು ನಾಲ್ಕು ನಿಮಿಷ ತಗೊಳ್ಳುತ್ತಿತ್ತು. ಈಗ ಮೊಬೈಲಿನಲ್ಲಿ ಟೈಮರ್ ಇಟ್ಟು ನೋಡಿದರೆ ಇಪ್ಪತ್ತೆಂಟು ಸೆಕೆಂಡ್. ಮೊನ್ನೆ ಕೇಳಿದರು, "ಇದೇನಪ್ಪಾ, ಹಾಲು ಇಡೋಕೂ ಬಿಡಲ್ವಲ್ಲಾ!"

ಸರಿ, ಎಲ್ಲರೂ ಟೇಬಲ್ ಹತ್ತಿರ ಬನ್ನಿ. ಇವತ್ತು ಇದಕ್ಕೆ ಎರಡನೇ ರ‍್ಯಾಮ್ ಕಡ್ಡಿ ಹಾಕಬೇಕು, ನಿಮ್ಮಲ್ಲೇ ಒಬ್ಬರು ಹಾಕಲಿ. ಪ್ಲಗ್ ಕಿತ್ತಿದ್ದೇನೆ. ಪವರ್ ಬಟನ್ ಒಂದು ಸಲ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಹೋಗಲಿ. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ತಗಡು ಮುಟ್ಟಿ, ಮೈಯಲ್ಲಿರುವ ಸ್ಟ್ಯಾಟಿಕ್ ಇಳಿಯುತ್ತದೆ. ಏನನ್ನೂ ಕೀಳುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ, ಯಾವ ವೈರ್ ಎಲ್ಲಿತ್ತು ಅಂತ ಆಮೇಲೆ ನೆನಪಿರಲ್ಲ. ಧೂಳು ಊದುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಿ, ಜೋರಾಗಿ ತಿರುಗಿದರೆ ಬೇರಿಂಗ್ ಹಾಳು. ಹಳೇ ಕಡ್ಡಿಯ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಒರೆಸಿ. ಈಗ ಹೊಸ ಕಡ್ಡಿಯ ಕಚ್ಚು ನೋಡಿ ಹೊಂದಿಸಿ. ಎರಡೂ ತುದಿಗೆ ಹೆಬ್ಬೆರಳು ಇಟ್ಟು ಸಮ ಒತ್ತಿ. ಹೆದರಬೇಡಿ, ಸ್ವಲ್ಪ ಬಲ ಬೇಕಾಗುತ್ತದೆ. ಈ ಕಡೆ ಒಂದು ಟಿಕ್, ಆ ಕಡೆ ಒಂದು ಟಿಕ್, ಎರಡೂ ಕೇಳಿಸಬೇಕು. ಯಾರು ಮೊದಲು ಬರ್ತೀರಿ?