ಚೆನ್ನೆಮಣೆಯಿಂದ ಕೋಟಿಯವರೆಗೆ

ಕೇಳುಗರಿಗೆ ನಮಸ್ಕಾರ.

ಎರಡನೇ ಕ್ಲಾಸಿನ ಮಗು "ನಾಲ್ಕೇಳ್ಲಿ ಇಪ್ಪತ್ತೆಂಟು" ಎಂದು ಒಂದೇ ಉಸಿರಿಗೆ ಒಪ್ಪಿಸುತ್ತದೆ. ಅದರ ಮುಂದೆ ಹುಣಸೆ ಬೀಜದ ಡಬ್ಬಿ ಇಟ್ಟು, "ಎಲ್ಲಿ, ನಾಲ್ಕೇಳ್ಲಿ ಅಂದರೆ ಏನು ತೋರಿಸು ಮಗಾ" ಎಂದು ಕೇಳಿ. ಎಷ್ಟೋ ಮಕ್ಕಳು ಅಲ್ಲೇ ನಿಂತುಬಿಡುತ್ತಾರೆ. ಮಗ್ಗಿ ಬಾಯಿಪಾಠ ಬೇಡ ಎನ್ನುವವಳು ನಾನಲ್ಲ. ಆದರೆ ಅದು ಬಾಯಿಗೆ ಬರುವ ಮೊದಲು ಕೈಗೆ ಬರಬೇಕು.

ಉಡುಪಿ, ಮಂಗಳೂರು ಕಡೆಯಿಂದ ಮುಂಬಯಿಗೆ ಬಂದ ಎಷ್ಟೋ ಮನೆಗಳ ಅಟ್ಟದ ಮೇಲೆ ಇವತ್ತಿಗೂ ಚೆನ್ನೆಮಣೆ, ಅಂದರೆ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆ, ಇರುತ್ತದೆ. ತುಳುವರ ಆಟಿ ತಿಂಗಳ ಮಳೆಯಲ್ಲಿ ಊರಲ್ಲಿ ಅಜ್ಜಿಯರು ಆಡುತ್ತಿದ್ದದ್ದು. ದಯವಿಟ್ಟು ಅದನ್ನು ಕೆಳಗಿಳಿಸಿ. ಆ ಕಡೆ ಏಳು ಗುಳಿ, ಈ ಕಡೆ ಏಳು. ಗುಳಿಗೆ ನಾಲ್ಕು ಕಾಯಿ ಹಾಕುತ್ತಾ ಹೋದರೆ ನನ್ನದು 28, ನಿನ್ನದು 28, ಒಟ್ಟು 56. ಇಷ್ಟರಲ್ಲೇ ನಾಲ್ಕರ ಮಗ್ಗಿ ಬೆರಳಲ್ಲಿ ಓಡಿಯಾಯಿತು.

ನಿಜವಾದ ಗಣಿತ ಇರುವುದು ಎರಡನೇ ಆಟದ ಶುರುವಿನಲ್ಲಿ. ಮಗು 36 ಕಾಯಿ ಗೆದ್ದಿದೆ, ನಿಮ್ಮ ಕೈಯಲ್ಲಿ 20 ಉಳಿದಿದೆ ಎನ್ನಿ. ಈಗ ಇಬ್ಬರೂ ನಾಲ್ಕು ನಾಲ್ಕಾಗಿ ತುಂಬಬೇಕು. ಮಗುವಿನ ಏಳೂ ಗುಳಿ ತುಂಬಿ 8 ಕಾಯಿ ಮಿಗುತ್ತವೆ. ನಿಮ್ಮದು ಐದೇ ತುಂಬಿ ಎರಡು ಖಾಲಿ. "ಅಮ್ಮಾ, ನನ್ನ ಹತ್ತಿರ ಮಿಕ್ಕಿದ್ದು ಸರಿಯಾಗಿ ನಿನ್ನ ಎರಡು ಗುಳಿಯದ್ದು!" ಎಂದು ಮಗುವೇ ಕಂಡುಕೊಳ್ಳಲಿ. ಭಾಗಾಕಾರ, ಶೇಷ ಎಂಬ ಹೆಸರುಗಳು ಆಮೇಲೆ ಶಾಲೆಯಲ್ಲಿ ಬರುತ್ತವೆ. ಮಗು ತಪ್ಪಿದರೆ ಉತ್ತರ ಹೇಳಬೇಡಿ, "ಇನ್ನೊಮ್ಮೆ ಎಣಿಸು ನೋಡೋಣ" ಅಂದರೆ ಸಾಕು.

ಮಣೆ ಇಲ್ಲದವರಿಗೆ ರಂಗೋಲಿ ಇದೆ. ಆರು ಚುಕ್ಕಿಯ ನಾಲ್ಕು ಸಾಲು ಹಾಕಿಸಿ, ಮಗುವನ್ನು ಪಕ್ಕದ ಗೋಡೆಯ ಕಡೆ ಕೂರಿಸಿ. ಅಲ್ಲಿಂದ ಅದು ನಾಲ್ಕು ಚುಕ್ಕಿಯ ಆರು ಸಾಲು. ಚುಕ್ಕಿ ಮಾತ್ರ ಅದೇ 24.

ಇನ್ನು ದೊಡ್ಡ ಸಂಖ್ಯೆ. ಫ್ಲ್ಯಾಟಿನ ರೇಟು ಕೇಳಿ ಕೇಳಿ ಈ ಊರಿನ ಮಕ್ಕಳಿಗೆ ಕೋಟಿ ಎಂಬ ಮಾತು ಗೊತ್ತು, ಅದರ ಗಾತ್ರ ಗೊತ್ತಿಲ್ಲ. ಮಿಲಿಮೀಟರ್ ಗೆರೆಯ ಗ್ರಾಫ್ ಹಾಳೆ ತನ್ನಿ. ಒಂದು ಸೆಂಟಿಮೀಟರ್ ಚೌಕದಲ್ಲಿ ಹತ್ತು ಸಾಲು, ಸಾಲಿಗೆ ಹತ್ತು ಮನೆ: ನೂರು. ಇದನ್ನು ಮಗುವೇ ಎಣಿಸಲಿ. ಹತ್ತು ಸೆಂಟಿಮೀಟರ್ ಉದ್ದಗಲದ ತುಂಡು ಕತ್ತರಿಸಿದರೆ ಹತ್ತು ಸಾವಿರ. ಅಂಥ ಹತ್ತು ತುಂಡು ಗೋಡೆಗೆ ಸಾಲಾಗಿ ಅಂಟಿಸಿದರೆ ಒಂದು ಲಕ್ಷ, ಒಂದು ಮೀಟರ್ ಉದ್ದದ ಪಟ್ಟಿ. ಅಂಥ ಹತ್ತು ಪಟ್ಟಿ ಒಂದರ ಕೆಳಗೊಂದು ಬಂದರೆ ಹತ್ತು ಲಕ್ಷ.

ಕೋಟಿಗೆ? ಅಂಥ ನೂರು ಪಟ್ಟಿ ಬೇಕು. ಹತ್ತಡಿಗೆ ಹತ್ತಡಿಯ ನಮ್ಮ ಚಾಳಿನ ಖೋಲಿಯ, ಅಂದರೆ ಕೋಣೆಯ, ನೆಲವೆಲ್ಲ ಮುಚ್ಚಿ ಹಾಳೆ ಇನ್ನೂ ಸ್ವಲ್ಪ ಮಿಗುತ್ತದೆ. ಅಷ್ಟು ಅಂಟಿಸುವುದು ಬೇಡ, ಒಂದು ಲಕ್ಷದ ಪಟ್ಟಿ ಸಾಕು. ಮಿಕ್ಕ ತೊಂಬತ್ತೊಂಬತ್ತನ್ನು ಖೋಲಿಯ ಹೊರಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಅಳೆದು ಗೆರೆ ಎಳೆಯಲು ಮಕ್ಕಳಿಗೇ ಬಿಡಿ. ಭಾನುವಾರ ಮಧ್ಯಾಹ್ನ ಪಕ್ಕದ ಖೋಲಿಯ ಮಕ್ಕಳನ್ನೂ ಕರೆಯಿರಿ.

ನಮಸ್ಕಾರ.